ನಿವೃತ್ತರ ಕೈಗೆ ಬೆಲೆಚೀಟಿ ಬೇಡ

ನವರಾತ್ರಿ ಮುಗಿದ ನಂತರದ ಭಾನುವಾರ ನಮ್ಮ ಉಪನಗರದ ಕನ್ನಡ ಸಂಘವೊಂದರಲ್ಲಿ ನಿವೃತ್ತಿಯ ಬದುಕಿನ ಬಗ್ಗೆ ಒಂದು ಉಪನ್ಯಾಸವಿತ್ತು. ಉಪನ್ಯಾಸಕರು ತಿಳಿದವರು, ಒಳ್ಳೆಯ ಮಾತುಗಾರರು. ಆರೋಗ್ಯ ವಿಮೆ, ಉಯಿಲು, ಬೆಳಗಿನ ನಡಿಗೆ ಎಲ್ಲವನ್ನೂ ದಾಟಿ ಕೊನೆಗೆ ಹವ್ಯಾಸಗಳಿಗೆ ಬಂದರು. ದೀಪಾವಳಿ ಎದುರಿಗೇ ಇದ್ದುದರಿಂದ ಉದಾಹರಣೆಯೂ ಅಲ್ಲಿಂದಲೇ ಬಂತು. ಮನೆಯಲ್ಲಿ ಕುಳಿತು ಆಕಾಶಬುಟ್ಟಿ ಕಟ್ಟಿ, ಹಣತೆಗಳಿಗೆ ಬಣ್ಣ ಹಚ್ಚಿ, ಗೆಜ್ಜೆವಸ್ತ್ರ ಮಾಡಿ, ಫೋಟೋ ತೆಗೆದು ಆನ್‌ಲೈನಿನಲ್ಲಿ ಮಾರಾಟಕ್ಕಿಡಿ, ನಿಮ್ಮ ಹವ್ಯಾಸವೇ ನಿಮ್ಮ ಎರಡನೆಯ ಆದಾಯವಾಗಲಿ ಎಂದರು. ಸಭೆ ಚಪ್ಪಾಳೆ ತಟ್ಟಿತು. ಕಾರ್ಯದರ್ಶಿಗಳು ಅಲ್ಲೇ ಎದ್ದುನಿಂತು, ರಾಜ್ಯೋತ್ಸವದ ದಿನ ಹಿರಿಯರ ಕೈಕೆಲಸಗಳ ಮಾರಾಟ ಮಳಿಗೆಯನ್ನು ತೆರೆಯುವುದಾಗಿ ಘೋಷಿಸಿ, ಹೆಸರು ಬರೆಯಲು ಒಂದು ಹಾಳೆಯನ್ನು ಸಾಲಿನಿಂದ ಸಾಲಿಗೆ ದಾಟಿಸಿದರು. ಹಾಳೆ ನನ್ನ ಬಳಿ ಬಂದಾಗ ನಾನೂ ಬರೆದೆ. ಗೂಡುದೀಪ, ಹತ್ತು ಎಂದು ಸಂಖ್ಯೆಯನ್ನೂ ನಮೂದಿಸಿದೆ. ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ಕುಳಿತಾಗ, ಮಾಡಬಾರದ್ದನ್ನು ಮಾಡಿದೆನೆಂಬ ಭಾವ ಬಲಿಯತೊಡಗಿತು. ಅದೇಕೆಂದು ವಿವರಿಸುವುದಕ್ಕಾಗಿ ಈ ಬರಹ.

ಮೊದಲು ಲೆಕ್ಕದಿಂದಲೇ ಆರಂಭಿಸುತ್ತೇನೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ ಅದು ಸುಲಭ. ಉಡುಪಿಯ ಕಡೆ ನಾವು ಗೂಡುದೀಪ ಎನ್ನುವುದನ್ನೇ ಧಾರವಾಡದವರು ಆಕಾಶಬುಟ್ಟಿ ಎನ್ನುತ್ತಾರೆ, ಮುಂಬಯಿಯಲ್ಲಿ ಅದು ಕಂದೀಲು. ಬಿದಿರಿನ ಕಡ್ಡಿ, ನೂಲು, ಬಣ್ಣದ ಕಾಗದ, ಮೈದಾ ಹಿಟ್ಟಿನ ಅಂಟು, ಒಂದು ಬಲ್ಬು ಮತ್ತು ವೈರು. ಬಲ್ಬನ್ನು ಬಿಟ್ಟರೆ ನನಗೆ ತೊಂಬತ್ತು ರೂಪಾಯಿಯ ಒಳಗೇ ಸಾಮಗ್ರಿ ಮುಗಿಯುತ್ತದೆ. ಕಡ್ಡಿಗಳನ್ನು ಅಳತೆಗೆ ಕತ್ತರಿಸಿ, ಮೂಲೆ ಕಟ್ಟಿ, ಕಾಗದ ಅಂಟಿಸಿ, ಬಾಲಂಗೋಚಿ ಹಚ್ಚುವುದಕ್ಕೆ ಆರು ಗಂಟೆ. ಇದನ್ನು ಮಳಿಗೆಯಲ್ಲಿ ಇನ್ನೂರೈವತ್ತಕ್ಕೆ ಮಾರಿದರೂ ನಾನು ಹಿಗ್ಗುತ್ತೇನೆ. ಏಕೆಂದರೆ ತಿಂಗಳ ಮೊದಲ ವಾರಕ್ಕೆ ನನ್ನ ಪಿಂಚಣಿ ಖಾತೆಗೆ ಬಂದಿರುತ್ತದೆ. ನನ್ನ ಆರು ಗಂಟೆಗೆ ಕೂಲಿ ಹುಟ್ಟಬೇಕಾಗಿಲ್ಲ.

ಮಾಹೀಮಿನ ಕಂದೀಲು ಗಲ್ಲಿಯಲ್ಲಿ ಕುಳಿತವನಿಗೆ ಹುಟ್ಟಬೇಕು. ದೀಪಾವಳಿಗೆ ಮುಂಚಿನ ಕೆಲವೇ ವಾರಗಳು ಅವನ ಸುಗ್ಗಿ. ಮಳೆ ಹಿಂದೆಗೆಯದಿದ್ದರೆ ಅದಕ್ಕೂ ಕಲ್ಲು. ಅವನ ಒಂದು ಕಡೆ ಯಂತ್ರದಲ್ಲಿ ಅಚ್ಚಾದ ಮಡಚುವ ಪ್ಲಾಸ್ಟಿಕ್ ಕಂದೀಲು ಬಂದು ಕುಳಿತಿದೆ. ಇನ್ನೊಂದು ಕಡೆ, ಕೂಲಿಯ ಅಗತ್ಯವಿಲ್ಲದ ನಾನು ನನ್ನ ‘ಮನೆಯಲ್ಲೇ ತಯಾರಿಸಿದ’ ಎಂಬ ಚೀಟಿಯೊಂದಿಗೆ ಬಂದು ಕೂರಲಿದ್ದೇನೆ. ಗೆಜ್ಜೆವಸ್ತ್ರದ ವಿಷಯ ಇನ್ನೂ ಕಟುವಾದದ್ದು. ನಮ್ಮ ರೈಲ್ವೆ ನಿಲ್ದಾಣದ ಹೊರಗೆ ಹೂವಿನ ಬುಟ್ಟಿಯ ಪಕ್ಕದಲ್ಲಿ ಬತ್ತಿ, ಗೆಜ್ಜೆವಸ್ತ್ರಗಳ ಪೊಟ್ಟಣ ಇಟ್ಟುಕೊಂಡು ಕೂರುವ ಒಬ್ಬ ಮುದುಕಿಯಿದ್ದಾಳೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಅವಳಿಗೆ ನಿವೃತ್ತಿ ಎಂಬ ಪದವೇ ಅನ್ವಯಿಸದು. ಗೌರಿ ಹಬ್ಬದ ವಾರದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಮೂವರು ನಿವೃತ್ತ ಮಹಿಳೆಯರು ಅದಕ್ಕಿಂತ ಅಗ್ಗಕ್ಕೆ, ಅದಕ್ಕಿಂತ ಅಂದವಾಗಿ, ಅರಿಸಿನ ಕುಂಕುಮದ ಚುಕ್ಕೆಯಿಟ್ಟ ಮಾಲೆಗಳನ್ನು ಮನೆಬಾಗಿಲಿಗೇ ತಲುಪಿಸಿದರು. ಅವರಲ್ಲಿ ದುರುದ್ದೇಶವಿರಲಿಲ್ಲ. ಆದರೂ ಆ ವಾರ ಮುದುಕಿಯ ಪೊಟ್ಟಣಗಳು ಬುಟ್ಟಿಯಲ್ಲೇ ಉಳಿದವು. ನಾನು ಹೋಗಿ ಬರುವಾಗಲೆಲ್ಲ ನೋಡಿದ್ದೇನೆ.

ಕೈಕಸುಬೆಂದರೆ ಮೊದಲಿಗೆ ಒಬ್ಬರ ಅನ್ನ ಎಂಬುದನ್ನು ನಮಗೆ ಹೇಳಿಕೊಡಲು ಹೊರಗಿನವರು ಬೇಕಿಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ವರ್ಷಗಟ್ಟಲೆ ಮುನ್ನಡೆಸಿದ್ದು ಕುಶಲಕರ್ಮಿಗೆ ಮಾರುಕಟ್ಟೆ ಸಿಗಲೆಂದು. ಪಿಂಚಣಿದಾರರ ಸಂಜೆಗಳು ಬರಿದಾಗದಿರಲೆಂದಲ್ಲ. ಇನ್ನೂ ಹಿಂದಕ್ಕೆ ಹೋದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯಿದೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆಕೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದಳು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಕಾಯಕದ ಬಗ್ಗೆ ವರ್ಷಕ್ಕೆರಡು ಉಪನ್ಯಾಸಗಳನ್ನು ಏರ್ಪಡಿಸುವ ಸಂಘಗಳು ಈ ಕಥೆಯನ್ನು ಎಷ್ಟು ಸಲ ಕೇಳಿಲ್ಲ! ಎರಡನೆಯ ಆದಾಯದ ಮಾತು ಬಂದಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ನಿವೃತ್ತರೆಲ್ಲರಿಗೂ ಪಿಂಚಣಿಯಿಲ್ಲ. ಖಾಸಗಿ ಕಂಪನಿಗಳಲ್ಲಿ, ಹೋಟೆಲುಗಳಲ್ಲಿ ದುಡಿದು ಬರಿಗೈಯಲ್ಲಿ ಮನೆಗೆ ಬಂದ ಕನ್ನಡಿಗರು ಈ ಮಹಾನಗರದಲ್ಲಿ ಬೇಕಾದಷ್ಟಿದ್ದಾರೆ. ಅವರು ಮಾರಲಿ, ಸಂಘ ಅವರಿಗೆ ಮಳಿಗೆಯನ್ನು ಬಾಡಿಗೆಯಿಲ್ಲದೆ ಕೊಡಲಿ. ನನ್ನ ತಕರಾರಿರುವುದು ನನ್ನಂಥವರ ಬಗ್ಗೆ. ಕೇಂದ್ರ ಸರ್ಕಾರ 1998ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ದೇವರೇ ಬಂದು ಆಯುಷ್ಯ ಕೊಟ್ಟಂತೆ ಸಂಭ್ರಮಿಸಿದ ತಲೆಮಾರು ನಮ್ಮದು. ಹಾಜರಿ ಪುಸ್ತಕ, ಇನ್‌ಕ್ರಿಮೆಂಟು, ಗೌಪ್ಯ ವರದಿ ಇವುಗಳಲ್ಲೇ ನಮ್ಮನ್ನು ನಾವು ಅಳೆದುಕೊಂಡೆವು. ಜೀವನದಲ್ಲಿ ಮೊದಲ ಬಾರಿಗೆ ಯಾರೂ ಅಳೆಯದ ಹೊತ್ತೊಂದು ಕೈಗೆ ಸಿಕ್ಕರೆ, ಅದನ್ನು ಒಯ್ದು ಮತ್ತೆ ತಕ್ಕಡಿಯ ಮುಂದೆ ನಿಲ್ಲುತ್ತೇವೆ.

ಇದಕ್ಕೆ ಎದುರು ಬದಿಯಲ್ಲಿ ‘ಟೈಮ್‌ಪಾಸ್’ ಪಂಥವಿದೆ. ಮಕ್ಕಳು, ಸೊಸೆಯಂದಿರು, ವೈದ್ಯರು ಬಹುಪಾಲು ಈ ಪಂಥದವರು. ಅಪ್ಪನಿಗೆ ಹೊತ್ತು ಹೋಗಬೇಕಲ್ಲ, ಏನೋ ಕಾಗದ ಅಂಟಿಸಿಕೊಂಡಿರಲಿ ಎನ್ನುವವರು. ಈ ಕರುಣೆಯನ್ನು ಸಹಿಸುವುದು ವ್ಯಾಪಾರಿಗಳ ಆಸೆಯನ್ನು ಸಹಿಸುವುದಕ್ಕಿಂತ ಕಷ್ಟ. ಹೊತ್ತು ಕಳೆಯಲೆಂದೇ ಆದರೆ ಟಿವಿಯಿದೆ. ಮೂರು ಕಡ್ಡಿ ಸೇರುವ ಮೂಲೆಯನ್ನು ನೂಲಿನಿಂದ ಬಿಗಿಯುವಾಗ ಒಂದು ಎಳೆ ಸಡಿಲವಾದರೂ ಗೂಡು ವಾರೆಯಾಗುತ್ತದೆ, ವಾರೆಯಾದ ಗೂಡು ಗಾಳಿಗೆ ಗಿರಗಿರ ತಿರುಗಿ ಎರಡೇ ದಿನದಲ್ಲಿ ಕಾಗದವನ್ನು ಹರಿದುಕೊಳ್ಳುತ್ತದೆ. ಇದನ್ನು ತಿಳಿಯಲು ನನಗೆ ಮೂರು ದೀಪಾವಳಿಗಳು ಬೇಕಾದವು. ಹೊತ್ತು ಹೋಗಲೆಂದು ಮಾಡಿದ್ದರೆ ಮೊದಲ ವರ್ಷವೇ ಬಿಟ್ಟಿರುತ್ತಿದ್ದೆ.

ಆದರೆ ‘ಟೈಮ್‌ಪಾಸ್’ ಎಂಬ ಮಾತಿಗೆ ಸಿಟ್ಟಾಗುವ ಹಕ್ಕು ನನಗಿದೆಯೇ? ನನ್ನ ಹೆಂಡತಿ ಧಾರವಾಡದವಳು. ನಾನು ದಿನವೂ 7.42ರ ಲೋಕಲ್ ಹಿಡಿಯುತ್ತಿದ್ದ ಕಾಲದಲ್ಲೆಲ್ಲ ಆಕೆ ಪ್ರತಿ ಶ್ರಾವಣದಲ್ಲಿ ಅರಳೆಯನ್ನು ಬಿಡಿಸಿ, ಬೀಜದ ಚೂರು ತೆಗೆದು, ಬೆರಳನ್ನು ಹಾಲಿಗೆ ಅದ್ದಿ, ಗೆಜ್ಜೆವಸ್ತ್ರ ಮಾಡಿದ್ದಾಳೆ. ಪ್ರತಿ ಧನುರ್ಮಾಸದ ಚಳಿಯಲ್ಲಿ ಕುಸುರೆಳ್ಳು ಮಾಡಿದ್ದಾಳೆ. ಅದನ್ನು ನಾನು ಕರೆದದ್ದು ‘ಮನೆಗೆಲಸ’ ಎಂದು. ನಿವೃತ್ತನಾದ ವರ್ಷ ನಾನು ಕಟ್ಟಿದ ಮೊದಲ ಗೂಡುದೀಪ, ಎರಡು ಮೂಲೆ ಕುಸಿದಿದ್ದ ಆ ಗೂಡುದೀಪ, ಕುಟುಂಬದ ಗುಂಪಿನಲ್ಲಿ ಎಪ್ಪತ್ತು ಹೆಬ್ಬೆರಳುಗಳನ್ನು ಗಳಿಸಿತು. ಅಮೆರಿಕದಿಂದ ತಮ್ಮ ಫೋನು ಮಾಡಿದ. ಆಕೆಯ ಕುಸುರೆಳ್ಳಿನ ಫೋಟೋವನ್ನು ಈ ನಾಲ್ಕು ದಶಕಗಳಲ್ಲಿ ನಾವ್ಯಾರೂ ತೆಗೆದಿರಲಿಲ್ಲ. ಗಂಡಸು ನಿವೃತ್ತನಾಗಿ ಮಾಡಿದರೆ ಕಲೆ, ಹೆಂಗಸು ನಿವೃತ್ತಿಯೇ ಇಲ್ಲದೆ ಮಾಡಿದರೆ ಕೆಲಸ! ಸಂಘದ ಆ ಹಾಳೆಯಲ್ಲೂ ಇದೇ ಆಗಿತ್ತು. ಗೂಡುದೀಪ, ಚಿತ್ರ, ಥರ್ಮಕೋಲಿನ ಮಂಟಪ ಎಂದು ಬರೆದವರು ಗಂಡಸರು. ಅವರ ಪಕ್ಕದಲ್ಲಿ ಕುಳಿತ ಹೆಂಗಸರು, ನಮ್ಮದೇನಿದೆ ಎಂದು ಹಾಳೆಯನ್ನು ಮುಂದಕ್ಕೆ ದಾಟಿಸಿದರು. (ಥರ್ಮಕೋಲಿನ ಮಂಟಪವನ್ನು ಕೈಯಿಂದ ಮಾಡಿದ ಮಾತ್ರಕ್ಕೆ ಪರಿಸರಸ್ನೇಹಿ ಎಂದು ಕರೆಯುವ ಗೆಳೆಯರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಕುಸುರೆಳ್ಳಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಶುಚಿಮಾಡಿದ ಬಿಳಿ ಎಳ್ಳನ್ನು ಅಗಲವಾದ ಪಾತ್ರೆಯಲ್ಲಿ ಹರವಿ, ಸಣ್ಣ ಕೆಂಡದ ಮೇಲಿಟ್ಟು, ತೆಳು ಸಕ್ಕರೆ ಪಾಕವನ್ನು ನಾಲ್ಕೇ ಹನಿ ಬಿಟ್ಟು, ಅದು ಆರುವವರೆಗೂ ಬೆರಳುಗಳಿಂದ ಆಡಿಸುತ್ತಲೇ ಇರಬೇಕು. ಆರಿದ ಮೇಲೆ ಮತ್ತೆ ನಾಲ್ಕು ಹನಿ. ದಿನಗಟ್ಟಲೆ ಹೀಗೇ ನಡೆದರೆ ಎಳ್ಳಿನ ಸುತ್ತ ಸಕ್ಕರೆಯ ಮುಳ್ಳುಗಳು ಮೂಡುತ್ತವೆ. ಪಾಕ ಹೆಚ್ಚಾದರೆ ಮುದ್ದೆ, ಉರಿ ಹೆಚ್ಚಾದರೆ ಕೆಂಪು, ಚಳಿಯಿಲ್ಲದಿದ್ದರೆ ಮುಳ್ಳೇ ಇಲ್ಲ. ಮರಾಠಿಗರು ಇದನ್ನೇ ಹಲ್ವಾ ಎನ್ನುತ್ತಾರೆ. ಸಂಕ್ರಾಂತಿಯಲ್ಲಿ ಕಪ್ಪು ಸೀರೆಯುಟ್ಟ ಹೊಸ ಮದುಮಗಳಿಗೆ ಅದರಿಂದಲೇ ಮಾಡಿದ ಆಭರಣಗಳನ್ನು ತೊಡಿಸುತ್ತಾರೆ. ನಮ್ಮ ಎದುರುಮನೆಯ ಮರಾಠಿ ಅಜ್ಜಿಗೂ ನನ್ನ ಹೆಂಡತಿಗೂ ಇರುವ ಸ್ನೇಹ ಯಾವ ಭಾಷಾ ಬಾಂಧವ್ಯ ಸಮಾವೇಶದಿಂದ ಹುಟ್ಟಿದ್ದಲ್ಲ, ಒಂದೇ ಕೆಂಡದ ಸುತ್ತ ಕುಳಿತು ಹುಟ್ಟಿದ್ದು.

ಹೋದ ವರ್ಷ ನಾನೂ ಕಲಿಯಲು ಕುಳಿತೆ. ಎಷ್ಟು ನಿಮಿಷಕ್ಕೊಮ್ಮೆ ಪಾಕ ಹಾಕಬೇಕು ಎಂದು ಕೇಳಿದೆ. “ಗಡಿಯಾರ ನೋಡಿ ಆಗೂದಲ್ಲರೀ ಇದು. ಹದ ಬೆರಳಿಗೆ ತಿಳೀಬೇಕು” ಎಂದಳು. ಪಕ್ಕದಲ್ಲಿದ್ದ ಎಂಟು ವರ್ಷದ ಮೊಮ್ಮಗಳು, “ಹದ ಅಂದ್ರೆ ಏನಜ್ಜಿ?” ಎಂದಳು. ನಾನು ಬಾಯಿ ತೆರೆದೆ. ಇಂಗ್ಲಿಷಿನಲ್ಲಿ ಒಂದು ಪದ ಹುಡುಕಿದೆ, ಹಿಂದಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಅಜ್ಜಿ ಉತ್ತರ ಕೊಡುವ ಗೋಜಿಗೇ ಹೋಗದೆ ಮಗುವಿನ ಬೆರಳನ್ನು ಹಿಡಿದು ಎಳ್ಳಿನೊಳಗೆ ಇಟ್ಟಳು. “ಅಂಟಾಂಟ ಅದ ಏನು?” “ಹೂಂ.” “ಇನ್ನೂ ಹದ ಬಂದಿಲ್ಲ.” ತುಸು ಹೊತ್ತಿನ ಮೇಲೆ ಮಗು ತಾನಾಗಿಯೇ, “ಅಜ್ಜಿ, ಈಗ ಹದ ಬಂತು” ಎಂದಿತು.

ನಮ್ಮ ಸಂಘಗಳು ಭಾನುವಾರದ ಕನ್ನಡ ತರಗತಿಗಳಿಗಾಗಿ ಪಡುವ ಪಾಡನ್ನು ನಾನು ಬಲ್ಲೆ. ಅಲ್ಲಿ ನಾನೂ ಎರಡು ವರ್ಷ ಕಾಗುಣಿತ ಹೇಳಿಕೊಟ್ಟಿದ್ದೇನೆ. ಮಕ್ಕಳು ‘ಹ’ ಬರೆಯುತ್ತಾರೆ, ‘ದ’ ಬರೆಯುತ್ತಾರೆ. ಎರಡನ್ನೂ ಸೇರಿಸಿ ಓದಿದರೂ ಅವರಿಗೆ ಹದ ಸಿಗುವುದಿಲ್ಲ. ಎಳೆ, ಪಾಕ, ಕುಸುರಿ, ಹೊಸೆ, ಹೆಣೆ, ಬಿಗಿ, ಸೀಳು, ನವಿರು, ಒರಟು: ಇಂಥ ಪದಗಳು ಪಠ್ಯದ ಕೊನೆಯ ಪದಾರ್ಥಪಟ್ಟಿಯಲ್ಲಿ ಸತ್ತುಬಿದ್ದಿರುತ್ತವೆ. ಹಳೆ ಮೈಸೂರಿನ ಕಡೆಯವರ ಮನೆಗಳಲ್ಲಿ ಸಕ್ಕರೆ ಅಚ್ಚಿನ ಮರದ ಅಚ್ಚುಗಳು ಅಟ್ಟದ ಮೇಲೆ ಹಾಗೆಯೇ ಬಿದ್ದಿವೆ. ಅವುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಪಾಕ ಹೊಯ್ದು, ಬಿಡಿಸಿದಾಗ ಆನೆಯ ಸೊಂಡಿಲು ಮುರಿಯಿತೋ ಉಳಿಯಿತೋ ಎಂದು ನೋಡುವ ಆ ಒಂದು ಕ್ಷಣದಲ್ಲಿ ಮಗು ಎಷ್ಟು ಕನ್ನಡ ಆಡುತ್ತದೆಂಬುದನ್ನು ಎಣಿಸಿ ನೋಡಿ. ನಾಡಿನಿಂದ ದೂರವಿರುವ ನಮಗೆ ಬೀದಿಯ ಕನ್ನಡವಿಲ್ಲ, ಶಾಲೆಯ ಕನ್ನಡವಿಲ್ಲ. ಉಳಿದಿರುವುದು ಕೈಯ ಕನ್ನಡ ಒಂದೇ. ಅದನ್ನು ಬಲ್ಲವರು ಅರವತ್ತು ದಾಟಿದವರು. ಅವರಿಗೆ ನಾವು ಹೇಳುತ್ತಿರುವುದು: ಪ್ಯಾಕ್ ಮಾಡಿ, ಕೊರಿಯರಿಗೆ ಕೊಡಿ.

ಮಾರಾಟಕ್ಕೆ ಮಾಡುವಾಗ ಮಗುವನ್ನು ಹತ್ತಿರ ಬಿಡಲಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹತ್ತು ಗೂಡುದೀಪಗಳ ಲೆಕ್ಕ ತಲೆಯಲ್ಲಿದ್ದರೆ, ಆಕೆ ಸೊಟ್ಟಗೆ ಅಂಟಿಸಿದ ಕಾಗದವನ್ನು ಕಿತ್ತುಹಾಕಲೇಬೇಕಾಗುತ್ತದೆ. ನಮ್ಮ ಬಾಲ್ಕನಿಗೆ ಮಾತ್ರ ಮಾಡಿದರೆ ಸೊಟ್ಟವೂ ನಡೆಯುತ್ತದೆ. ಇದೇ ಕಾರಣಕ್ಕೆ ನನಗೆ ಸ್ಪರ್ಧೆಗಳೂ ಬೇಡ. ಬಹುಮಾನವಿದ್ದಲ್ಲಿ ಅಜ್ಜನೇ ಮಾಡುತ್ತಾನೆ, ಮಗು ಹಿಡಿದುಕೊಂಡು ನಿಲ್ಲುತ್ತದೆ.

ಈ ಬಳಗದ ಗೆಳೆಯರೊಬ್ಬರು ಕರಡನ್ನು ಓದಿ ಒಂದು ಆಕ್ಷೇಪ ಎತ್ತಿದರು: ಗೆಜ್ಜೆವಸ್ತ್ರ, ಬತ್ತಿ, ಕುಸುರೆಳ್ಳು ಇವೆಲ್ಲ ಕೆಲವೇ ಜಾತಿಗಳ ಮನೆಯ ಆಚಾರ, ಅದನ್ನು ಕನ್ನಡದ ಉಳಿವೆಂದು ಕರೆಯುವುದು ಸರಿಯೇ? ಆಕ್ಷೇಪ ನ್ಯಾಯವಾದದ್ದು. ನನ್ನ ಉದಾಹರಣೆಗಳು ನನ್ನ ಮನೆಯವು. ನಾನು ಬಲ್ಲುದನ್ನಷ್ಟೇ ಬರೆದಿದ್ದೇನೆ. ಬುಟ್ಟಿ ಹೆಣೆಯುವವರು, ಕೌದಿ ಹೊಲಿಯುವವರು, ಗುಳ್ಳವ್ವನನ್ನು ಮಣ್ಣಿನಲ್ಲಿ ಮಾಡುವವರು ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಏಕಿಲ್ಲ, ಅಥವಾ ಇದ್ದೂ ಏಕೆ ಬಾಯಿ ತೆರೆಯುವುದಿಲ್ಲ ಎಂಬ ಪ್ರಶ್ನೆಯನ್ನು ಸಂಘಗಳೇ ಕೇಳಿಕೊಳ್ಳಲಿ. ಮತ್ತೊಂದು ತಪ್ಪೊಪ್ಪಿಗೆಯೂ ಇದೆ. ಬಿದಿರನ್ನು ಸೀಳುವುದು ನನಗೆ ಇಂದಿಗೂ ಬಾರದು. ಅದು ಮೇದಾರರ ವಿದ್ಯೆ. ಸೀಳಿದ ಕಡ್ಡಿಯನ್ನು ಅವರು ಹೇಳಿದ ಬೆಲೆಗೆ, ಚೌಕಾಸಿಯಿಲ್ಲದೆ ಕೊಂಡು ತರುತ್ತೇನೆ. ನನ್ನ ಗೂಡುದೀಪದಲ್ಲಿ ನಿಜವಾದ ಕೌಶಲ ಬೇಡುವ ಭಾಗ ಅದೇ.

ಕಾರ್ಯದರ್ಶಿಗಳಿಗೆ ನನ್ನ ಕೋರಿಕೆ ಇಷ್ಟು. ಮಳಿಗೆಯನ್ನು ಜೀವನೋಪಾಯಕ್ಕೆ ಮಾರುವವರಿಗೆ ಬಿಟ್ಟುಕೊಡಿ. ನಿಲ್ದಾಣದ ಹೊರಗಿನ ಆ ಮುದುಕಿಯನ್ನೂ ಕರೆಯಿರಿ. ಅವಳಿಗೆ ಕನ್ನಡ ಬಾರದಿದ್ದರೆ ರಾಜ್ಯೋತ್ಸವಕ್ಕೇನೂ ಮುಕ್ಕಾಗದು. ಭಾಷಣಕ್ಕೆಂದು ಇಟ್ಟ ಎರಡು ಗಂಟೆಗಳಲ್ಲಿ ಒಂದನ್ನು ಕತ್ತರಿಸಿ, ನೆಲದ ಮೇಲೆ ಜಮಖಾನೆ ಹಾಸಿ, ಹಾಳೆಯನ್ನು ಸುಮ್ಮನೆ ದಾಟಿಸಿದ ಆ ಹೆಂಗಸರನ್ನು ಗುರುಗಳಾಗಿ ಕೂರಿಸಿ, ಮಕ್ಕಳನ್ನು ಅವರ ಸುತ್ತ ಬಿಡಿ. ಅರಳೆ, ಹಾಲು, ಕುಂಕುಮದ ಖರ್ಚು ನನ್ನದು. ಹಾಳೆಯಲ್ಲಿ ಏಳನೆಯ ಸಾಲಿನಲ್ಲಿ ನನ್ನ ಹೆಸರಿದೆ, ಮುಂದೆ ಹತ್ತು ಎಂಬ ಅಂಕಿಯಿದೆ. ಎರಡನ್ನೂ ದಯವಿಟ್ಟು ಹೊಡೆದುಹಾಕಿ.