ಏರಿಗೆ ಡಾಂಬರು ಬೇಡ, ಒಂದು ಗೇಟು ಸಾಕು

ನಾಲೆ ಏರಿಗೆ ಡಾಂಬರು ಬಿತ್ತೆಂದರೆ ನಮ್ಮ ಸೀಮೆಯಲ್ಲಿ ಅಭಿವೃದ್ಧಿ ಬಂತೆಂದೇ ಲೆಕ್ಕ. ಗುದ್ದಲಿ ಪೂಜೆ, ಹಾರ, ಫ್ಲೆಕ್ಸು ಎಲ್ಲ ಆಗುತ್ತದೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯೊಂದರಲ್ಲಿ ಹೈಸ್ಕೂಲು ಟೀಚರ್ ನಾನು. ರಜೆ ಸಿಕ್ಕ ಬೆಳಗ್ಗೆಗಳಲ್ಲಿ ಏರಿಯ ಮೇಲೆ ಸೈಕಲ್ ತುಳಿಯುತ್ತೇನೆ. ಕಾವೇರಿಯ ಆಚೀಚೆ ಹರಡಿಕೊಂಡಿರುವ ಈ ಮಣ್ಣಿನ ಏರಿಗಳಂಥ ಸೈಕಲ್ ದಾರಿ ರಾಜ್ಯದಲ್ಲಿ ಬೇರೆಲ್ಲೂ ಸಿಗಲಾರದು ಅನ್ನುವುದು ನನ್ನ ಜಗಳ. ಹೊಸದಾಗಿ ಏನನ್ನೂ ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ಇರುವುದನ್ನು ಕೆಡಿಸದಿದ್ದರೆ ಸಾಕು.

ಗ್ರಾವೆಲ್ ಬೈಕಿಂಗ್ ಅಂತ ಈಗ ದೊಡ್ಡ ಗುಲ್ಲಿದೆ. ಮೋಟಾರು ವಾಹನಗಳಿಲ್ಲದ ಜಲ್ಲಿಮಣ್ಣಿನ ಹಾದಿ ಹುಡುಕಿಕೊಂಡು ಬೆಂಗಳೂರಿನ ಹುಡುಗರು ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಅವರು ಹುಡುಕುವುದು ನೀರಾವರಿ ಎಂಜಿನಿಯರುಗಳು ತಮ್ಮ ಜೀಪಿಗೆಂದು ಎಂದೋ ಮಾಡಿಟ್ಟ ದಾರಿ. ನಾಲೆಯ ನೀರು ತಾನಾಗಿಯೇ ಹರಿಯಬೇಕು, ಆದರೆ ಓಡಬಾರದು. ಓಡಿದರೆ ದಂಡೆ ಕೊರೆಯುತ್ತದೆ. ಅದಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು, ಗುಡ್ಡ ಎದುರಾದಲ್ಲಿ ಬಳಸಿಕೊಂಡು ಹೋಗುವಂತೆ ತೋಡಿರುತ್ತಾರೆ. ಏರಿಯೂ ನಾಲೆಯ ಜೊತೆಗೇ ಬಳಸುತ್ತದೆ. ಮೈಲಿಗಟ್ಟಲೆ ಹೋದರೂ ಏದುಸಿರು ಬರುವುದಿಲ್ಲ. ಐವತ್ತು ದಾಟಿದ ಮಂಡಿಗೆ ಇದಕ್ಕಿಂತ ಬೇರೆ ಉಪಕಾರ ಬೇಕಿಲ್ಲ.

ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದು ಹೊರಟರೆ ಇನ್ನೊಂದು ಕಾಣುತ್ತದೆ. (ಮೊದಲು ಇದು ಇರ್ವಿನ್ ನಾಲೆ. ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಹತ್ತಿರ ಸುರಂಗ ಹೊಕ್ಕು ಮಂಡ್ಯದ ಕಡೆಗೆ ಹೊರಳುತ್ತದೆ.) ಏರಿಯ ತಗ್ಗಿನ ಕಡೆ ತೂಬಿನಿಂದ ನೀರು ಇಳಿಯುವ ಭತ್ತದ ಗದ್ದೆ, ಕಬ್ಬು, ತೆಂಗು. ಎತ್ತರದ ಕಡೆ ಅದೇ ಕೆಂಪು ಮಣ್ಣು, ಆದರೆ ರಾಗಿ, ಹುರುಳಿ, ಅಲ್ಲೊಂದು ಇಲ್ಲೊಂದು ಕೊಳವೆ ಬಾವಿ. ನಡುವೆ ಅಡ್ಡ ಇರುವುದು ನಾಲೆಯೊಂದೇ. ತಗ್ಗಿನವನಿಗೆ ಕಟ್ಟು ನೀರು ಯಾವತ್ತು ಬಿಡುತ್ತಾರೆಂಬ ಚಿಂತೆ, ಎತ್ತರದವನಿಗೆ ಮಳೆ ಯಾವತ್ತು ಬರುತ್ತದೆಂಬ ಚಿಂತೆ. ಕಾರಿನಲ್ಲಿ ಹೋಗುವವರಿಗೆ ಎರಡೂ ಹಸಿರಾಗಿಯೇ ಕಂಡಾವು. ಸೈಕಲ್ಲಿನ ವೇಗಕ್ಕೆ ಮಾತ್ರ ಒಂದು ಬದಿಯ ತಂಪು, ಇನ್ನೊಂದು ಬದಿಯ ಕಾವು ಮುಖಕ್ಕೆ ಬೇರೆಬೇರೆಯಾಗಿ ತಾಗುತ್ತದೆ.

ನನಗೆ ಇದಕ್ಕಿಂತ ಇಷ್ಟ ಹಳೆಯ ಪುಟ್ಟ ನಾಲೆಗಳು. ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿ: ಮೂರೂ ಕನ್ನಂಬಾಡಿ ಕಟ್ಟೆಗಿಂತ ಹಿರಿಯವು. ಬಂಗಾರದೊಡ್ಡಿ ನಾಲೆಯಂತೂ ಕಲ್ಲಿನ ಮೇಲ್ಗಾಲುವೆಯ ಮೇಲೆ ಕಾವೇರಿಯ ಕವಲನ್ನೇ ದಾಟಿ ಪಟ್ಟಣದ ದ್ವೀಪಕ್ಕೆ ನೀರು ತರುತ್ತದೆ. 17ನೇ ಶತಮಾನದ ಕಂಠೀರವ ನರಸರಾಜ ಒಡೆಯರ ಕಾಲದ್ದು. ರಂಗನತಿಟ್ಟಿನ ನಡುಗಡ್ಡೆಗಳೂ ಅದೇ ಅರಸರು ಹೊಳೆಗೆ ಒಡ್ಡು ಕಟ್ಟಿಸಿದ್ದರಿಂದ ಮೂಡಿದವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಬೆಲೆ ಕೊಟ್ಟು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಅಂದರೆ ಇಲ್ಲಿ ಕಾಡೆಂದು ನಾವು ಕರೆಯುವ ಹೊಳೆಮತ್ತಿ, ನೇರಳೆ, ಬಿದಿರಿನ ದಂಡೆಯಲ್ಲೂ ಮನುಷ್ಯನ ಕೈಯಿದೆ. ಆ ನೆರಳಿನಲ್ಲಿ ಮಣ್ಣು ಬೇಸಿಗೆಯಲ್ಲೂ ಪುಡಿಯಾಗುವುದಿಲ್ಲ, ಟೈರು ಸದ್ದಿಲ್ಲದೆ ಸಾಗುತ್ತದೆ.

ಟೈರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ರಸ್ತೆ ಸೈಕಲ್ಲಿನ ತೆಳು ಟೈರಿಗೆ 100 ಪಿಎಸ್‌ಐ ಹತ್ತಿರ ಗಾಳಿ ತುಂಬುತ್ತಾರೆ. ಏರಿಯ ಮೇಲೆ ಅದು ಕೈಯ ಮೂಳೆ ಕುಟ್ಟಿಹಾಕುತ್ತದೆ. ನನ್ನದು 40 ಮಿಲಿಮೀಟರ್ ಅಗಲದ್ದು, ಅದರ ಅರ್ಧದಷ್ಟು ಗಾಳಿಯೂ ಬೇಡ. ಜಲ್ಲಿ ಸಿಕ್ಕರೆ ಟೈರೇ ಬಗ್ಗಿಕೊಂಡು ಹೋಗುತ್ತದೆ. ನಿಜವಾದ ಶತ್ರು ನೆಗ್ಗಿಲು ಮುಳ್ಳು. ನೆಲಕ್ಕೆ ಅಂಟಿ ಹಬ್ಬುವ ಬಳ್ಳಿ, ಹಳದಿ ಹೂವು. ಅದರ ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಪಂಕ್ಚರ್ ಹಾಕುತ್ತಾ ಏರಿಯ ಮೇಲೆ ಕೂತಿದ್ದರೆ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೊರಟವರು ಕಾಲೂರಿ ಕೇಳುತ್ತಾರೆ: “ಯಾಕ್ ಮೇಡಂ, ಸ್ಕೂಟಿ ಕೆಟ್ಟೋಯ್ತಾ?” ಸ್ಕೂಟಿ ಇದ್ದೂ ಸೈಕಲ್ ತುಳಿಯುವ ಟೀಚರಮ್ಮ ಅವರ ಲೆಕ್ಕಕ್ಕೆ ಇನ್ನೂ ಸಿಕ್ಕಿಲ್ಲ.

ಹಾಗಂತ ಇದು ಊಟ ಅರಗದವರ ಶೋಕಿ ಎಂದು ತಳ್ಳಿಹಾಕಬೇಡಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಬಂದಾಗ ಅದು ನಿಂತಿತು. ಶಾಲೆಯಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳ ಬೋಲ್ಟು ಬಿಗಿಮಾಡಿಸಿ, ಸೀಟು ತಗ್ಗಿಸಿ ಹುಡುಗಿಯರಿಗೆ ಹಂಚಿದವರಲ್ಲಿ ನಾನೂ ಒಬ್ಬಳು. ಅವರಲ್ಲಿ ಎಷ್ಟೋ ಮಂದಿ ಶಾಲೆಗೆ ಬರುತ್ತಿದ್ದುದು ಏರಿಯ ಮೇಲೆಯೇ, ಇಬ್ಬಿಬ್ಬರು ಜೊತೆಯಾಗಿ ಮಾತಾಡಿಕೊಂಡು. ಡಾಂಬರಾದ ಏರಿಯ ಮೇಲೆ ಅದೇ ಸೈಕಲ್ ಕೊಟ್ಟು ಮಗಳನ್ನು ಕಳಿಸಲು ಯಾವ ತಾಯಿ ಒಪ್ಪುತ್ತಾಳೆ?

2018ರ ನವೆಂಬರ್ 24ನ್ನು ಈ ಜಿಲ್ಲೆಯವರು ಮರೆತಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಮಂದಿ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆಮೇಲೂ ಕಾರುಗಳು ಬಿದ್ದಿವೆ. ಪ್ರತಿ ಸಲವೂ ತಡೆಗೋಡೆ ಕಟ್ಟಿ ಎಂಬ ಕೂಗೇಳುತ್ತದೆ. ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ಜೀಪು ಹೋಗಿಬರಲೆಂದು ಮಾಡಿದ ಏರಿಗೆ ನುಣುಪು ಡಾಂಬರು ಹಾಕಿ, ವೇಗ ಹೆಚ್ಚಿಸಿ, ಆಮೇಲೆ ಗೋಡೆಗೆ ದುಡ್ಡು ಹುಡುಕುವುದು ಯಾವ ಜಾಣತನ? ಪಕ್ಕದಲ್ಲೇ ಊರ ರಸ್ತೆ ಇರುವ ಕಡೆಗಳಲ್ಲಾದರೂ ಏರಿ ಮಣ್ಣಾಗಿಯೇ ಉಳಿಯಲಿ, ಕಾರು ಲಾರಿ ಊರ ರಸ್ತೆ ಹಿಡಿಯಲಿ.

ಇದನ್ನು ನೀರುಗಂಟಿಯೊಬ್ಬರ ಹತ್ತಿರ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. “ಡಾಂಬ್ರು ಹಾಕುದ್ರೆ ನಮ್ ಗಾಡಿಗೂ ಸಲೀಸಾಯ್ತದೆ ಮೇಡಂ,” ಅಂದರು. ಸ್ವಲ್ಪ ತಡೆದು, “ಆದ್ರೆ ರೋಡು ನೈಸಾದ್ರೆ ಹೈವೇನೋರೆಲ್ಲ ಇಲ್ಗೇ ಬತ್ತಾರೆ.” ಹೈವೇ ಎಂದರೆ ಬೆಂಗಳೂರು–ಮೈಸೂರು ಹೆದ್ದಾರಿ. ಅದರ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಜೊತೆಗೆ ಮೋಟಾರಿಲ್ಲದ ಎಲ್ಲ ಗಾಡಿಗಳನ್ನೂ ಹೊರಗಿಟ್ಟರು. ಸುರಕ್ಷತೆಗೆಂದು ಅಂದರು, ಯಾರೂ ಅದನ್ನು ಹುಚ್ಚಾಟ ಎನ್ನಲಿಲ್ಲ. ಹೆದ್ದಾರಿಯಿಂದ ಸೈಕಲ್ಲನ್ನು ಹೊರಗಿಡಬಹುದಾದರೆ ನಾಲ್ಕು ಮೈಲಿ ಏರಿಯಿಂದ ಕಾರನ್ನು ಹೊರಗಿಡುವುದು ಹೇಗೆ ಹುಚ್ಚಾಗುತ್ತದೆ?

ಅಮೆರಿಕದಲ್ಲೂ ಇಂಥದೇ ಜಗಳ ನಡೆದಿತ್ತು. ವಾಷಿಂಗ್ಟನ್ನಿನಿಂದ ಪೊಟೊಮ್ಯಾಕ್ ನದಿಗುಂಟ ಕಂಬರ್ಲೆಂಡಿನವರೆಗೆ 184.5 ಮೈಲಿ ಉದ್ದದ ಹಳೆಯ ಕಾಲುವೆಯೊಂದಿದೆ. ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ಅದರ ದಂಡೆಯ ಮೇಲೆ ಮೋಟಾರು ರಸ್ತೆ ಮಾಡಬೇಕೆಂಬ ಯೋಜನೆ ಹುಟ್ಟಿತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸಂಪಾದಕೀಯವೂ ಹೂಂಗುಟ್ಟಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಆ ಪತ್ರಿಕೆಗೆ ಕಾಗದ ಬರೆದು, ಬನ್ನಿ, ನನ್ನ ಜೊತೆ ಇಡೀ ದಾರಿ ನಡೆದು ನೋಡಿ ಎಂದು ಸಂಪಾದಕೀಯ ಬರೆದವರನ್ನೇ ಕರೆದರು. 1954ರ ಮಾರ್ಚಿನಲ್ಲಿ ಹೊರಟೂಬಿಟ್ಟರು. ಪೂರ್ತಿ ನಡೆದವರು ಡಗ್ಲಸ್ ಸೇರಿ ಒಂಬತ್ತೇ ಜನ. ಪತ್ರಿಕೆ ತನ್ನ ಧೋರಣೆ ತಿದ್ದಿಕೊಂಡಿತು, ರಸ್ತೆ ಬರಲಿಲ್ಲ, 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಇವತ್ತು ಆ ಮಣ್ಣಿನ ಹಾದಿ ಸೈಕಲ್ಲಿನವರ ಸ್ವರ್ಗ. ನಮ್ಮಲ್ಲಿ ಏರಿಯ ಟೆಂಡರಿಗೆ ಸಹಿ ಹಾಕುವವರು ಐದು ಮೈಲಿ ಬಂದರೂ ಸಂತೋಷ. ಸೈಕಲ್ ನಾನು ಒದಗಿಸುತ್ತೇನೆ, ಪಂಕ್ಚರೂ ನಾನೇ ಹಾಕುತ್ತೇನೆ.

ಒಂದು ಮಾತು ಸೈಕಲ್ಲಿನವರಿಗೂ ಹೇಳಬೇಕು. ನಾಗರಹೊಳೆ, ಬಂಡೀಪುರದ ಒಳದಾರಿಗಳನ್ನೂ ನಮಗೆ ಬಿಟ್ಟುಕೊಡಿ ಎನ್ನುವವರ ಜೊತೆ ನಾನಿಲ್ಲ. ಸೈಕಲ್ಲಿಗೆ ಸದ್ದಿಲ್ಲ, ಹೊಗೆಯಿಲ್ಲ ಎಂದು ಬೀಗುತ್ತಾರೆ. ಆನೆಯ ಎದುರು ಆ ಸದ್ದಿಲ್ಲದಿರುವುದೇ ಅಪಾಯ, ತಿರುವಿನಲ್ಲಿ ಇಬ್ಬರಿಗೂ ಸುಳಿವು ಸಿಗುವುದಿಲ್ಲ. ನಮ್ಮ ಕಬ್ಬಿನ ಗದ್ದೆಗಳಲ್ಲೂ ಚಿರತೆಗಳಿವೆ. ಕನ್ನಂಬಾಡಿಯ ಬೃಂದಾವನ ಉದ್ಯಾನಕ್ಕೇ 2022ರಲ್ಲಿ ಬೀಗ ಹಾಕಿಸಿದ ಪ್ರಾಣಿ ಅದು. ನಾನು ಬೆಳಕು ಹರಿದ ಮೇಲೆಯೇ ಹೊರಡುತ್ತೇನೆ, ಕಬ್ಬಿನ ಪಕ್ಕ ಗಂಟೆ ಬಾರಿಸುತ್ತಾ ಹೋಗುತ್ತೇನೆ.

ಇನ್ನು ಏರಿಗೆ ಕಾರು ಬಾರದಂತೆ ತಡೆಯುವ ಗೇಟಿನ ವಿಷಯ. ಕಂಬ ನೆಟ್ಟರೆ ಕಾರಿನ ಜೊತೆ ಎತ್ತಿನ ಗಾಡಿಯೂ ನಿಂತುಬಿಡುತ್ತದೆ, ಅಗಲ ಎರಡರದೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಬೀಗವಿರುವ ಗೇಟೇ ಆಗಬೇಕು, ಪಕ್ಕದಲ್ಲಿ ಸೈಕಲ್, ದನ, ಜನ ದಾಟುವಷ್ಟು ಸಂದು ಇರಬೇಕು. ಕೆಲವು ಕಡೆ ಇಲಾಖೆಯ ಹಳೆಯ ಗೇಟುಗಳು ತುಕ್ಕು ಹಿಡಿದು ಬಾಯಿಬಿಟ್ಟುಕೊಂಡು ಬಿದ್ದಿವೆ, ಅವನ್ನೇ ಎತ್ತಿ ನಿಲ್ಲಿಸಬಹುದು. ಬೀಗದ ಕೈ ನೀರುಗಂಟಿಯ ಬಳಿ ಒಂದು, ಗ್ರಾಮ ಪಂಚಾಯ್ತಿಯಲ್ಲಿ ಒಂದು ಇರಲಿ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಗದ್ದೆಗೆ ಲಾರಿ, ಟ್ರ್ಯಾಕ್ಟರು ಬರಲೇಬೇಕು, ಆಗ ತೆರೆದೇ ಇರಲಿ. ಮಿಕ್ಕ ದಿನ ಹಾಕಿರಲಿ.