ಆಲಿಕಲ್ಲು ಬಿದ್ದ ಕಾರಿಗೆ ಪುಟ್ಟಿಯ ಅವಸರ ಬೇಡ

ಕರಾವಳಿಯಿಂದ ವ್ಯಾಪಾರಕ್ಕೆಂದು ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬಂದು ನೆಲೆಸಿದ ನಮ್ಮವರಿಗೆ ಆಲಿಕಲ್ಲಿನ ಪರಿಚಯ ಕಡಿಮೆ. ಊರಲ್ಲಿ ಅದು ಅಪರೂಪ. ಇಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಜೊತೆ ಬೀಳುವುದುಂಟು. ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಕೊಂಡ ಕಾರಿನ ಬಾನೆಟ್, ಟಾಪು ಹತ್ತು ನಿಮಿಷದಲ್ಲಿ ಗುಳಿಗುಳಿಯಾದರೆ ಮನೆಯವರೆಲ್ಲರ ಕರುಳು ಚುರುಕ್ ಅನ್ನುತ್ತದೆ.

ಆದರೂ ಅದೇ ಸಂಜೆ ಗ್ಯಾರೇಜಿಗೆ ಓಡಬೇಡಿ, ಮೊದಲು ಪಾಲಿಸಿ ತೆಗೆದು ನೋಡಿ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದರಲ್ಲಿ ಆಲಿಕಲ್ಲಿನ ಹಾನಿಗೆ ಒಂದು ರೂಪಾಯಿಯೂ ಬರುವುದಿಲ್ಲ. "ಹಳೇ ಕಾರಲ್ವಾ, ಥರ್ಡ್ ಪಾರ್ಟಿ ಸಾಕು" ಅನ್ನುವ ಉಳಿತಾಯ ನನಗಂತೂ ಸರಿ ಕಾಣುವುದಿಲ್ಲ, ಅದೂ ಬಯಲಲ್ಲಿ ಕಾರು ನಿಲ್ಲಿಸುವವರಿಗೆ. ಫುಲ್ ಇನ್ಶೂರೆನ್ಸ್ ಇದ್ದರೆ ಫೋಟೊ ತೆಗೆದು ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮುಂಚೆ ರಿಪೇರಿ ಮಾಡಿಸಬೇಡಿ.

ಒಂದೆರಡು ಗುಳಿಗೆಲ್ಲ ಕ್ಲೇಮ್ ಹಾಕುವುದು ನಷ್ಟವೇ. ಐದು ವರ್ಷ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ಶೇ. 50 ರಿಯಾಯಿತಿ ಸಾಮಾನ್ಯವಾಗಿ ಒಂದೇ ಕ್ಲೇಮಿಗೆ ಹೋಗಿಬಿಡುತ್ತದೆ. ಬಣ್ಣ ಬಿರಿಯದಿದ್ದರೆ ಒಳಗಿನಿಂದ ಗುಳಿ ಎತ್ತುವ ಕೆಲಸಗಾರರಿದ್ದಾರೆ. ಪುಟ್ಟಿ ಹಚ್ಚಿಸಿದರೆ ನಾಳೆ ಕಾರು ಮಾರುವಾಗ ಗಿರಾಕಿ ಮೊದಲು ಅಲ್ಲೇ ತಟ್ಟಿ ನೋಡುತ್ತಾನೆ.