ಹೇರು ಹೊತ್ತವರ ಋಣ

ಹರಪನಹಳ್ಳಿ ಸೀಮೆಯ ಇತಿಹಾಸವೆಂದೊಡನೆ ಉಚ್ಚಂಗಿದುರ್ಗದ ಕೋಟೆಯೂ ನೀಲಗುಂದದ ಭೀಮೇಶ್ವರ ದೇವಾಲಯವೂ ವಾಚಕರ ಸ್ಮರಣೆಗೆ ಬರುವುವು. ಅವು ಸ್ಮರಣೀಯವೇ ಸರಿ. ಆದರೆ ಕೋಟೆಯನ್ನು ಕಟ್ಟಿದವರನ್ನೂ ಗೆದ್ದವರನ್ನೂ ಕೊಂಡಾಡುವ ನಾವು, ದಂಡಿಗೆ ಅನ್ನವನ್ನು ಹೊತ್ತು ತಂದವರನ್ನು ಮರೆತಿರುವೆವು.

ಈ ಸೀಮೆಯು ಬಹುಕಾಲದ ಗಡಿನಾಡು. ಪಾಂಡ್ಯರ ಉಚ್ಚಂಗಿಯನ್ನು ಹೊಯ್ಸಳ ವೀರಬಲ್ಲಾಳನು 1177ರ ಸುಮಾರಿಗೆ ಗೆದ್ದನು. 1748ರಲ್ಲಿ ಚಿತ್ರದುರ್ಗದ ಮದಕರಿನಾಯಕನು ಹರಪನಹಳ್ಳಿಯ ಸೋಮಶೇಖರನಾಯಕನೊಡನೆ ಕಾದಿ ಮಾಯಕೊಂಡದ ರಣರಂಗದಲ್ಲಿ ಮಡಿದನು. 1800ರ ಸುಮಾರಿಗೆ ಸೀಮೆಯು ಇಂಗ್ಲಿಷ್ ಕುಂಪಣಿಯ ವಶವಾಯಿತು. ಅಂದಿನಿಂದ 1953ರವರೆಗೆ ಇತ್ತ ಮದರಾಸು, ಅತ್ತ ಮೈಸೂರು. ಎಲ್ಲೆಯ ಎರಡು ಕಡೆಯೂ ಕನ್ನಡಿಗರೇ.

ಯುದ್ಧವು ಖಡ್ಗದಿಂದ ಮಾತ್ರ ನಡೆಯದು. 1791–92ರ ಮತ್ತು 1799ರ ಮೈಸೂರು ಯುದ್ಧಗಳಲ್ಲಿ ದಂಡುಗಳಿಗೆ ಧಾನ್ಯವನ್ನು ಒದಗಿಸಿದವರಲ್ಲಿ ಲಂಬಾಣಿ ವರ್ತಕರು ಪ್ರಮುಖರು. ಶಾಂತಿಕಾಲದಲ್ಲಿ ಎತ್ತುಗಳ ಮೇಲೆ ಹೇರು ಹೇರಿ, ಕರಾವಳಿಯ ಉಪ್ಪನ್ನು ಒಳನಾಡಿಗೆ ಮುಟ್ಟಿಸಿದವರೂ ಅವರೇ. ರಾಜ್ಯಗಳ ಎಲ್ಲೆಯು ಅವರಿಗೆ ಸುಂಕದ ಕಟ್ಟೆಯಾಗಿತ್ತೇ ಹೊರತು ಗೋಡೆಯಾಗಿರಲಿಲ್ಲ. 19ನೆಯ ಶತಮಾನದಲ್ಲಿ ಗಾಡಿರಸ್ತೆಯೂ ರೈಲೂ ಬಂದು ಆ ವ್ಯಾಪಾರವು ಅಳಿಯಿತು. ನಾಡನ್ನೆಲ್ಲ ಸುತ್ತಿದವರು ತಾಂಡಗಳಲ್ಲಿ ನೆಲೆನಿಂತು ಕೂಲಿಗೆ ಕೈಯೊಡ್ಡಿದರು. ಹರಪನಹಳ್ಳಿ ತಾಲ್ಲೂಕಿನ ತಾಂಡಗಳಿಂದ ಇಂದಿಗೂ ಕುಟುಂಬಗಳು ಕಾಫಿತೋಟಗಳಿಗೂ ಕಬ್ಬಿನ ಗದ್ದೆಗಳಿಗೂ ಗುಳೆ ಹೋಗುತ್ತವೆ.

ಗಡಿಯ ತೊಡಕೂ 1953ಕ್ಕೆ ಮುಗಿಯಲಿಲ್ಲ. 1997ರಲ್ಲಿ ತಾಲ್ಲೂಕನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಮುಂದೆ ಬಳ್ಳಾರಿ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ದೊರೆತಾಗ ಹರಪನಹಳ್ಳಿಯು ಹೊರಗುಳಿಯಿತು. 2018ರಲ್ಲಿ ಆ ಅನ್ಯಾಯವು ಸರಿಹೋಗಲಾರಂಭಿಸಿತು. 2021ರಲ್ಲಿ ತಾಲ್ಲೂಕು ವಿಜಯನಗರ ಜಿಲ್ಲೆಯ ಭಾಗವಾಯಿತು. ನಕ್ಷೆಯ ಗೆರೆ ಕೊಂಚ ಸರಿದರೆ ವಿದ್ಯಾರ್ಥಿಯ ಪ್ರವೇಶವೂ ತರುಣನ ನೌಕರಿಯೂ ಕೈತಪ್ಪುವುದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಮರಳಿ ಬಂದ ಸೌಲಭ್ಯವು ತಾಲ್ಲೂಕಿನ ಕೇಂದ್ರದಲ್ಲಿಯೇ ನಿಂತುಬಿಡಬಾರದೆಂಬುದು ನಮ್ಮ ಅಭಿಪ್ರಾಯ. ಕಂದಾಯ ಗ್ರಾಮವಾಗದೆ ಉಳಿದಿರುವ ಪ್ರತಿಯೊಂದು ತಾಂಡಕ್ಕೂ ಆ ಸ್ಥಾನ ಸಲ್ಲಲಿ. ಮನೆಯ ಹಕ್ಕುಪತ್ರವು ಮನೆಬಾಗಿಲಿಗೆ ಬರಲಿ. ಗುಳೆ ಹೋದವರ ಮಕ್ಕಳು ಊರಿನಲ್ಲಿಯೇ ಉಳಿದು ಓದುವಂತೆ ವಸತಿಶಾಲೆಗಳು ನಡೆಯಲಿ. ಅಧಿಕಾರಿಗಳು ಇದನ್ನು ಉಪಕಾರವೆಂದೆಣಿಸದೆ ಹಳೆಯ ಋಣವೆಂದೆಣಿಸಬೇಕು. ದಂಡುಗಳಿಗೆ ಅನ್ನ ಹೊತ್ತವರ ಮಕ್ಕಳು ಅನ್ನಕ್ಕಾಗಿ ಊರು ಬಿಡುವುದು ಕನ್ನಡನಾಡಿಗೆ ಶೋಭೆಯಲ್ಲ.